ಕಾರ್ತಿಕ ಬಹುಳ ತದಿಗೆ

ವಸುಂಧರಾ ಓದುತ್ತಿದ್ದ ಕಾಗದಗಳನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದಳು.

“ಅಂಕಲ್, ನೇರವಾಗಿ ಹೇಳ್ತೀನಿ. ತಾಯಿ ಇಲ್ಲದ ಮಗು ಅಂದ್ರೆ ಕಾನೂನು ಮೊದಲು ತಂದೆ ಕಡೆ ನೋಡತ್ತೆ. ನೀವು ಅಜ್ಜ. ನಿಮ್ಮ ಸರದಿ ಆಮೇಲೆ.”

“ಹೋದ ಸಲಾನೂ ಅದನ್ನ ಹೇಳಿದಿ,” ಎಂದರು ಬದರಿನಾಥರು.

“ನೀವು ಕೇಳಿಸ್ಕೊಂಡಿರಲಿಲ್ಲ, ಅದಕ್ಕೆ ಮತ್ತೆ ಹೇಳ್ದೆ. ಆದ್ರೆ ಅದೇ ಕೊನೆ ಮಾತಲ್ಲ. ಮಗುವಿಗೆ ಯಾವುದು ಒಳ್ಳೇದು ಅಂತ ಜಡ್ಜ್ ನೋಡ್ತಾರೆ. ತುಳಸಿ ಮೇಲೆ ಯಾರಿಗೆ ಜಾಸ್ತಿ ಪ್ರೀತಿ ಇತ್ತು ಅಂತ ನೋಡಲ್ಲ. ಇಂಚರಾನ ಒಳಗೆ ಕರೆದು ಒಬ್ಬಳನ್ನೇ ಮಾತಾಡಿಸ್ತಾರೆ. ನೀವು ಅವಳಿಗೆ ಏನೂ ಹೇಳಿಕೊಡಬೇಡಿ. ಅವರಪ್ಪನ ಬಗ್ಗೆ ಅವಳ ಮುಂದೆ ಒಂದು ಕೆಟ್ಟ ಮಾತೂ ಬೇಡ. ಹೇಳಿಕೊಟ್ಟ ಮಾತು ಮಕ್ಕಳ ಬಾಯಲ್ಲಿ ಗೊತ್ತಾಗಿಬಿಡತ್ತೆ.”

ಬದರಿನಾಥರು ತಲೆಯಾಡಿಸಿದರು. ಧಾರವಾಡದಿಂದ ಬಂಗಾಳಕ್ಕೆ ಬಂದು ಗಾರ್ಡನ್ ರೀಚಿನ ರೈಲ್ವೆ ಕಚೇರಿಯಲ್ಲಿ ಸೇವೆ ಮುಗಿಸಿದವರು ಅವರು. ವಸುಂಧರಾಳ ತಂದೆ ಅದೇ ಕಚೇರಿಯಲ್ಲಿ ಜೊತೆಗಿದ್ದರು. ಅವಳು ಬಂಗಾಳಿಯನ್ನು ಮದುವೆಯಾಗಿ ಅಲೀಪುರದ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದಳು. ಬಾಲಿಗಂಜಿನಲ್ಲಿ ಇಬ್ಬರ ಮನೆಗಳ ನಡುವೆ ಎರಡು ಬೀದಿ ಮಾತ್ರ. ಹಾಗಾಗಿ ಅವರು ಬೇರೆ ವಕೀಲರನ್ನು ಹುಡುಕಿರಲಿಲ್ಲ.

ಹೆಂಡತಿ ತುಂಗಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ತುಳಸಿ ಹೋದ ಕಾರ್ತಿಕದಲ್ಲಿ ಡೆಂಗ್ಯೂ ಜ್ವರ ಬಂದು ವಾರದೊಳಗೆ ಹೋಗಿಬಿಟ್ಟಳು. ಅಳಿಯ ನವೀನ ಆಗ ಬಿಬಿಡಿ ಬಾಗಿನ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿದ್ದ. ಕರ್ಮಗಳು ಮುಗಿದ ಮೇಲೆ ಮಗಳು ಇಂಚರಾಳನ್ನು ಮಾವನ ಮನೆಯಲ್ಲಿ ಬಿಟ್ಟ. ಅಷ್ಟರಲ್ಲಿ ರಾಯಪುರಕ್ಕೆ ವರ್ಗವಾಯಿತು. ಹೋದವನು ತಿಂಗಳುಗಟ್ಟಲೆ ಬರಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ಬಂದು, ಅಕ್ಕ ಶೋಭಾ ತನ್ನ ಜೊತೆ ಇರಲು ಒಪ್ಪಿದ್ದಾಳೆ, ಮಗುವನ್ನು ಕರೆದೊಯ್ಯುತ್ತೇನೆ ಎಂದ. ಬದರಿನಾಥರು ಬಾಗಿಲಲ್ಲೇ ನಿಂತು, ಆಗದು ಎಂದರು. ಆ ಮೇಲೆ ನವೀನ ಕೋರ್ಟಿಗೆ ಹೋದ. ಸದ್ಯಕ್ಕೆ ತಿಂಗಳಿಗೆ ಎರಡು ಭಾನುವಾರ ತಂದೆ ಮಗುವನ್ನು ನೋಡಬಹುದೆಂದು ಆದೇಶವಾಗಿತ್ತು. ಈ ಹನ್ನೆರಡನೆಯ ತಾರೀಖು ವಿಚಾರಣೆ.

“ತುಳಸಿ ವರ್ಷಾಬ್ದಿಕ ಯಾವಾಗ ಅಂಕಲ್?” ವಸುಂಧರಾ ಕೇಳಿದಳು.

“ಹನ್ನೆರಡರೊಳಗ ಬರ್ತದ.”

“ನವೀನ್ ಬರ್ತಾರಾ?”

ಬದರಿನಾಥರು ಮೇಜಿನ ಮೇಲಿನ ಕಾಗದಗಳ ಅಂಚು ಸರಿಮಾಡಿದರು.

“ಹೆಂಡತಿಯ ನೆನಪೂ ಇಲ್ಲ, ಮಗಳ ಹೊಣೆಯೂ ಇಲ್ಲ ಅಂತ ಕೋರ್ಟಿಗೆ ಕೊಟ್ಟ ನಮ್ಮ ಉತ್ತರದಲ್ಲಿ ಬರೆದಿದೀವಿ. ಅದಕ್ಕೂ ಬರಲಿಲ್ಲ ಅಂದ್ರೆ ನಾನು ಜಾಸ್ತಿ ಮಾತಾಡೋದೇ ಬೇಕಾಗಲ್ಲ. ಇಲ್ಲಿ ಎಲ್ಲರಿಗೂ ಶ್ರಾದ್ಧದ ಬೆಲೆ ಗೊತ್ತು.” ಅವಳು ಎದ್ದಳು. “ಮುತ್ತೈದೆ ಊಟಕ್ಕೆ ಮಾತ್ರ ನನ್ನ ಕರೀಬೇಡಿ. ಬೆಳಿಗ್ಗೆನೇ ಮೀನು ತಿನ್ನೋ ಮನೆ ನಮ್ಮದು, ನಿಮ್ಮ ಆಚಾರ್ರು ಓಡಿಹೋಗ್ತಾರೆ.”

ಬದರಿನಾಥರು ನಕ್ಕರು. ಮೆಟ್ಟಿಲಿಳಿಯುವಷ್ಟರಲ್ಲಿ ಆ ನಗು ಹೋಗಿತ್ತು.

ಅಲ್ಲಿಂದ ಲೇಕ್ ಮಾರ್ಕೆಟ್ಟಿಗೆ ನಡೆದರು. ಕಾಳಿ ಪೂಜೆ ಮುಗಿದು ಓಣಿಯ ಹುಡುಗರು ಪೆಂಡಾಲಿನ ಬಿದಿರು ಬಿಚ್ಚುತ್ತಿದ್ದರು. ಬಾಳೆಎಲೆ ಮಾರುವವಳ ಮುಂದೆ ನರಹರಿ ಆಚಾರ್ಯರು ಚೌಕಾಸಿ ಮಾಡುತ್ತ ನಿಂತಿದ್ದರು. ಆ ಭಾಗದ ಕನ್ನಡ ಮನೆಗಳ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅವರೇ ಪುರೋಹಿತರು.

“ರಾಯರೇ, ನಿಮ್ಮನ್ನೇ ನೆನೆಸ್ಕೊಂಡೆ. ಬರೋ ಶುಕ್ರವಾರ ಕಾರ್ತಿಕ ಬಹುಳ ತದಿಗೆ. ಅಳಿಯಂದಿರಿಗೆ ಹೇಳಿದ್ದೀರಿ ತಾನೆ?”

“ಈ ವರ್ಷ ಬ್ಯಾಗನ ಬಂತಲ್ರೀ.”

“ಅಧಿಕ ಮಾಸ ಇಲ್ಲದ ವರ್ಷ ತಿಥಿ ಹಿಂದಕ್ಕೆ ಸರಿಯತ್ತೆ. ಇಂಗ್ಲಿಷ್ ತಾರೀಖಿಗಿಂತ ಹತ್ತು ದಿನ ಮುಂಚೆಯೇ ಬಂದುಬಿಡತ್ತೆ. ಈಗಿನವರು ಮೊಬೈಲಿನ ತಾರೀಖು ಹಿಡ್ಕೊಂಡು ಕೂತಿರ್ತಾರೆ. ಮೊದಲೇ ಹೇಳಿಬಿಡಿ.”

ಬದರಿನಾಥರು ಎಲೆಯ ಕಟ್ಟನ್ನು ನೋಡುತ್ತ ಕೇಳಿದರು: “ಆಚಾರ್ರ, ಅಳಿಯಗ ಬರಲಿಕ್ಕೆ ಆಗಲಿಲ್ಲಂದ್ರ ನಾ ಕೂಡಬಹುದೇನು?”

ಆಚಾರ್ಯರು ಅವರ ಮುಖ ನೋಡಿದರು. “ಗಂಡ ಇರುವಾಗ ತಂದೆಗೆ ಅಧಿಕಾರ ಇಲ್ಲ. ಧಾರೆ ಎರೆದು ಕೊಟ್ಟ ಮೇಲೆ ಅವಳ ಗೋತ್ರ ಬೇರೆ. ಅವರು ಬರಲೇಬೇಕು. ಮೊದಲನೆಯ ವರ್ಷದ್ದು ರಾಯರೇ, ತಪ್ಪಬಾರದು.”

ಅಲ್ಲಿ ಕಾನೂನು ಹೇಳಿದ್ದನ್ನೇ ಇಲ್ಲಿ ಶಾಸ್ತ್ರವೂ ಹೇಳಿತು. ಬದರಿನಾಥರು ಎಳ್ಳು, ದರ್ಭೆ, ಬಾಳೆಕಾಯಿ ಕೊಂಡು ಮನೆಗೆ ಬಂದರು.

ಭಾನುವಾರ ನವೀನ ಬಂದ. ಶನಿವಾರ ಸಂಜೆ ರಾಯಪುರದಲ್ಲಿ ಮೇಲ್ ಹತ್ತಿ, ಬೆಳಿಗ್ಗೆ ಹೌರಾದಲ್ಲಿ ಇಳಿದು, ಅಲ್ಲಿಯೇ ಮುಖ ತೊಳೆದು ಬರುವುದು ಅವನ ಪದ್ಧತಿ. ಮಾವನ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಅವರೂ ಒಳಗೆ ಬಾ ಎನ್ನುತ್ತಿರಲಿಲ್ಲ. ಇಂಚರಾಳನ್ನು ಕೆರೆಯ ಕಡೆ ತಿರುಗಾಡಿಸಿ ಮಧ್ಯಾಹ್ನ ತಂದು ಬಿಟ್ಟ. ಮಗುವಿನ ಕೈಯಲ್ಲಿ ಕಡಲೆಕಾಯಿಯ ಪೊಟ್ಟಣವಿತ್ತು.

“ಅಜ್ಜಾ, ಅಪ್ಪಂಗೆ ಬೋಟ್ ಓಡ್ಸಕ್ಕೇ ಬರಲ್ಲ! ಹಿ ಇಸ್ ಸೋ ಸ್ಕೇರ್ಡ್!” ಎನ್ನುತ್ತ ಅವಳು ಒಳಗೆ ಓಡಿದಳು.

ನವೀನ ಹೊಸ್ತಿಲ ಹೊರಗೇ ನಿಂತಿದ್ದ. ಮೈ ಇಳಿದುಹೋಗಿತ್ತು. ಕಾಲರಿನಲ್ಲಿ ಕುತ್ತಿಗೆ ಸಡಿಲವಾಗಿ ಕಾಣುತ್ತಿತ್ತು.

“ಮಾವ, ಹದಿನೆಂಟಕ್ಕೆ ರಜೆ ಹಾಕಿದೀನಿ. ತುಳಸಿದು… ವರ್ಷದ್ದು. ನೀವು ಏನೇನು ಬೇಕು ಅಂತ ಹೇಳಿದ್ರೆ ತರ್ತೀನಿ.”

ಬದರಿನಾಥರು ಬಾಗಿಲ ಅಗುಳಿಯ ಮೇಲೆ ಕೈಯಿಟ್ಟರು. ಹದಿನೆಂಟು ತುಳಸಿ ತೀರಿಕೊಂಡ ತಾರೀಖು. ತಿಥಿ ಬರುವ ಶುಕ್ರವಾರ. ಹನ್ನೆರಡರ ದಿನ ಕೋರ್ಟಿನಲ್ಲಿ ವಸುಂಧರಾ ಎದ್ದು ನಿಂತು ಒಂದೇ ಮಾತು ಹೇಳಿದರೆ ಸಾಕು: ತಿಥಿ ಬಂತು, ಹೋಯಿತು, ಈತ ಬರಲಿಲ್ಲ. ಇಂಚರಾ ಇದೇ ಮನೆಯಲ್ಲಿ ಉಳಿಯುತ್ತಾಳೆ. ಅದಕ್ಕಾಗಿ ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಸುಮ್ಮನಿದ್ದರೆ ಆಯಿತು.

“ನೋಡೂಣು,” ಎಂದು ಬಾಗಿಲು ಹಾಕಿಕೊಂಡರು.

ಆ ಸಂಜೆಯೂ ಮರುದಿನವೂ ದೇವರ ಮುಂದೆ ಕೂತಾಗ ಸ್ತೋತ್ರ ನಡುನಡುವೆ ತಪ್ಪಿತು. ಹುಡುಗತನದಿಂದ ಬಾಯಿಗೆ ಬಂದ ಸ್ತೋತ್ರ ಅದು. ತುಂಗಮ್ಮ ಹೋದಾಗ ತಪ್ಪಿರಲಿಲ್ಲ. ತುಳಸಿ ಹೋದ ಮರುದಿನವೂ ತಪ್ಪಿರಲಿಲ್ಲ. ಅವರು ಮತ್ತೆ ಮೊದಲಿನಿಂದ ಹೇಳುವರು, ಮತ್ತೆ ಅದೇ ಸಾಲಿನಲ್ಲಿ ನಿಲ್ಲುವರು.

ಮಂಗಳವಾರ ಇಂಚರಾ ಶಾಲೆಯಿಂದ ಬಂದು ಅಜ್ಜನ ಎದುರು ಕೂತಳು. ಅವರು ತಟ್ಟೆಯಲ್ಲಿ ಕಪ್ಪು ಎಳ್ಳು ಹರವಿ ಕಲ್ಲು ಆರಿಸುತ್ತಿದ್ದರು. ಅವಳೂ ಬೆರಳು ಹಾಕಿದಳು.

“ಇದು ಯಾರಿಗೆ ಅಜ್ಜಾ?”

“ನಿಮ್ಮವ್ವಗ. ವರ್ಷಕ್ಕೊಂದು ದಿನ ನಾವು ಕೊಟ್ಟದ್ದು ಅಕಿಗೆ ಮುಟ್ಟತದ.”

“ನೀನು ಕೊಡ್ತೀಯಾ?”

“ನಾ ಕೊಡೂ ಹಂಗಿಲ್ಲ. ನಿಮ್ಮಪ್ಪ ಕೊಡಬೇಕು.”

“ಅಪ್ಪ ಬರ್ಲಿಲ್ಲಾಂದ್ರೆ?”

ಬದರಿನಾಥರು ಒಂದು ಕಲ್ಲನ್ನು ಎತ್ತಿ ಬದಿಗಿಟ್ಟರು. ಮಗು ತಾನೇ ಯೋಚಿಸಿತು.

“ಆವಾಗ ಅಮ್ಮ ವೇಟ್ ಮಾಡ್ತಾಳೆ ಅಲ್ವಾ? ಆವತ್ತು ನಾನು ಸ್ಕೂಲ್ ಗೇಟ್ ಹತ್ರ ನಿಂತಿದ್ನಲ್ಲ, ಹಾಗೆ. ಎಲ್ಲರ ಅಮ್ಮ ಬಂದ್ರು. ಗೇಟ್ ಕಾಯೋ ದಾರ್ವಾನ್ ಕಾಕು ಹೇಳ್ದ, ಬರ್ತಾರೆ ಬರ್ತಾರೆ ಅಂತ. ಯಾರೂ ಬರ್ಲಿಲ್ಲ. ಸ್ಟ್ರೀಟ್ ಲೈಟ್ ಬಂದ್ಬಿಡ್ತು.”

ಅದು ತುಳಸಿ ಹೋದ ದಿನ. ಎಲ್ಲರೂ ಆಸ್ಪತ್ರೆಯಲ್ಲಿದ್ದರು. ಮಗುವನ್ನು ಶಾಲೆಯಿಂದ ಕರೆತರುವುದು ಯಾರಿಗೂ ನೆನಪಾಗಿರಲಿಲ್ಲ. ಕೊನೆಗೆ ಪಕ್ಕದ ಮನೆಯ ಬಂಗಾಳಿ ಹೆಂಗಸು ಮಾಶಿಮಾ ಹೋಗಿ ಕರೆತಂದಿದ್ದಳು. ಮಗು ಆ ವಿಷಯವನ್ನು ಒಂದು ವರ್ಷದಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ಮರೆತಿದ್ದಾಳೆ ಎಂದೇ ಅವರು ತಿಳಿದಿದ್ದರು.

“ಅಮ್ಮಂಗೆ ಅಲ್ಲಿ ದಾರ್ವಾನ್ ಇದಾನಾ?” ಎಂದಳು ಇಂಚರಾ.

ಬದರಿನಾಥರು ತಟ್ಟೆಯನ್ನು ಕೆಳಗಿಟ್ಟು ಎದ್ದರು. ಕೋಣೆಗೆ ಹೋಗಿ ಫೋನು ಮಾಡಿದರು.

“ಮಾವ? ಇಂಚರಾಗೆ ಏನಾಯ್ತು?” ನವೀನ ಗಾಬರಿಯಾಗಿ ಕೇಳಿದ.

“ಅಕಿಗೇನೂ ಆಗಿಲ್ಲ. ತಿಥಿ ಹದಿನೆಂಟಕ್ಕಿಲ್ಲಪಾ. ಇದೇ ಶುಕ್ರವಾರ ಅದ, ತದಿಗಿ.”

“ನಾನು ತಾರೀಖು ಲೆಕ್ಕ ಹಿಡಿದಿದ್ದೆ.”

“ಗೊತ್ತದ. ಗುರುವಾರ ಒಂದ ಹೊತ್ತು ಊಟ ಮಾಡು. ಕ್ಷೌರ ಮಾಡಿಸಿಕೊಂಡು ಬಾ. ಮಡಿ ಪಂಚೆ ನನ್ನ ಕಡೆ ಅದಾವ.”

“ಮಾವ, ನಮ್ಮ ಲಾಯರ್ ನಿಮ್ಮ ಜೊತೆ ಫೋನಲ್ಲಿ ಮಾತಾಡಬೇಡಿ ಅಂದಿದಾರೆ.”

“ನಮ್ಮಕಿನೂ ಅದನ್ನ ಅಂದಾಳ. ಬಾ.”

ಶುಕ್ರವಾರ ಬೆಳಿಗ್ಗೆ ನವೀನ ಹೊಸ್ತಿಲು ದಾಟಿ ಒಳಗೆ ಬಂದ. ಮೀಸೆ ತೆಗೆಸಿದ ಅವನ ಮುಖ ಕಂಡು ಇಂಚರಾ ಮೊದಲು ಬೆಚ್ಚಿ, ಆಮೇಲೆ ಬಾಯಿಗೆ ಕೈಯಿಟ್ಟು ನಕ್ಕಳು. ಮಾವನ ಪಂಚೆ ಅವನಿಗೆ ಗಿಡ್ಡವಾಯಿತು. ಆಚಾರ್ಯರ ಹೆಂಡತಿ ಮಡಿಯಲ್ಲಿ ಅಡುಗೆ ಮಾಡುತ್ತಿದ್ದರು. ನಡುಮನೆಯಲ್ಲಿ ನವೀನ ಮಣೆಯ ಮೇಲೆ ಕೂತ. ಬದರಿನಾಥರು ಬಾಗಿಲ ಪಕ್ಕ ನಿಂತು, ಕೇಳಿದ್ದನ್ನು ಎತ್ತಿ ಕೊಡುತ್ತಿದ್ದರು. ಆ ದಿನ ಅವರ ಕೆಲಸ ಅಷ್ಟೇ.

ಆಚಾರ್ಯರು ಗೋತ್ರ ಕೇಳಿದರು. ನವೀನ ತನ್ನ ಗೋತ್ರ ಹೇಳಿದ. ತುಳಸಿಯ ಹೆಸರು ಹೇಳಿದ. ಅವಳ ನಂತರ ತನ್ನ ತಾಯಿಯ ಹೆಸರು, ಅಜ್ಜಿಯ ಹೆಸರು ಹೇಳಿದ. ಬದರಿನಾಥರು ಕಣ್ಣು ಮುಚ್ಚಿಕೊಂಡು ಕೇಳಿದರು. ಆ ಸಾಲಿನಲ್ಲಿ ತುಂಗಮ್ಮ ಇರಲಿಲ್ಲ. ಇರುವಂತೆಯೂ ಇಲ್ಲ. ಹೆತ್ತ ತಾಯಿ ಬೇರೊಂದು ಪಂಕ್ತಿಯಲ್ಲಿ, ಮಗಳು ಇನ್ನೊಂದು ಪಂಕ್ತಿಯಲ್ಲಿ. ಇದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ ಕಿವಿಯಿಂದ ಕೇಳಿದ್ದು ಅಂದೇ.

ಬ್ರಾಹ್ಮಣರ ಎಲೆಗಳಿಗೆ ಬಡಿಸುವಾಗ ನವೀನ ತಲೆಯೆತ್ತಿದ.

“ಆಚಾರ್ರೆ, ಹಾಗಲಕಾಯಿ ಬಡಿಸಲೇಬೇಕಾ? ಅವಳು ಮುಟ್ಟುತ್ತಿರಲಿಲ್ಲ.”

“ಅದೆಂಥ ಮಾತು! ಶ್ರಾದ್ಧಕ್ಕೆ ಹಾಗಲಕಾಯಿ ಬೇಕೇ ಬೇಕು.”

“ವಾಸನೆ ಬಂದ್ರೆ ಎದ್ದು ಬಾಲ್ಕನಿಗೆ ಹೋಗ್ತಿದ್ಲು. ನನ್ನ ತಟ್ಟೆಗೆ ಬಡಿಸೋಕೂ ಬಿಡ್ತಿರಲಿಲ್ಲ,” ಎಂದ ನವೀನ. ಕೈಯಲ್ಲಿದ್ದ ದರ್ಭೆಯನ್ನು ನೋಡುತ್ತ ಕೂತ.

ತುಳಸಿ ಐದು ವರ್ಷದವಳಿದ್ದಾಗ ಹಾಗಲಕಾಯಿಯ ಹೋಳುಗಳನ್ನು ಅಜ್ಜಿಯ ಪೂಜೆಯ ಬುಟ್ಟಿಯಲ್ಲಿ ಬಚ್ಚಿಟ್ಟು ಪೆಟ್ಟು ತಿಂದದ್ದು ಬದರಿನಾಥರ ನೆನಪಿಗೆ ಬಂತು. ಅವಳಿಗೆ ಹಾಗಲಕಾಯಿ ಆಗದೆಂದು ಇನ್ನು ಲೋಕದಲ್ಲಿ ಗೊತ್ತಿರುವವನು ತಾನೊಬ್ಬನೇ ಎಂದು ಅವರು ತಿಳಿದಿದ್ದರು.

“ಒಂದ ಹೋಳು ಹಾಕ್ರಿ ಆಚಾರ್ರ, ಸಾಕು,” ಎಂದರು ಬಾಗಿಲಿಂದ. “ಬಾಳಿಕಾಯಿ ಎರಡು ಸಲ ಬಡಸ್ರಿ.”

ಆಚಾರ್ಯರು ಗೊಣಗಿದರು. ಆದರೆ ಒಂದೇ ಹೋಳು ಬಡಿಸಿದರು.

ಊಟವಾಗಿ ಎಲ್ಲರೂ ಹೋದ ಮೇಲೆ ಇಂಚರಾ ತಂದೆಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು. ಕೆಳಗಡೆ ಬೀದಿಯಲ್ಲಿ ಹಳೆಯ ಪೇಪರಿನವನು ಕೂಗುತ್ತ ಹೋದ.

“ಯಾಕೆ ಹೇಳಿದ್ರಿ ಮಾವ?” ಎಂದ ನವೀನ. “ಹೇಳದೇ ಇದ್ದಿದ್ರೆ ಕೇಸು ನಿಮ್ಮ ಕಡೆ ಆಗ್ತಿತ್ತು.”

“ಅಕಿ ಗೇಟಿನ ಕಡೆ ನಿಂತಿದ್ದಳಪಾ.”

ನವೀನನಿಗೆ ಅದು ಅರ್ಥವಾಗಲಿಲ್ಲ. ಕೇಳಲೂ ಇಲ್ಲ. ಮಗಳ ಕೂದಲು ಸವರುತ್ತ ತಾನೇ ಹೇಳಿದ: “ಆ ತಿಂಗಳುಗಳು ನಾನು ಬರಲಿಲ್ಲ. ಇವಳ ಮುಖ ಥೇಟ್ ತುಳಸಿ. ನನಗೆ ನೋಡಕ್ಕೆ ಆಗ್ತಿರಲಿಲ್ಲ.”

“ನಾ ದಿನಾ ನೋಡೀನಿ,” ಎಂದರು ಬದರಿನಾಥರು.

ನವೀನ ತಲೆ ತಗ್ಗಿಸಿದ. ಹೊರಡುವಾಗ ಮಗುವನ್ನು ಎತ್ತಿ ಹಾಸಿಗೆಯ ಮೇಲೆ ಮಲಗಿಸಿ, ಪಂಚೆಯನ್ನು ಮಡಿಸಿಟ್ಟು, ಮಾವನಿಗೆ ನಮಸ್ಕಾರ ಮಾಡಿ ಹೋದ.

ಮರುದಿನ ವಸುಂಧರಾ ವಿಷಯ ತಿಳಿದು ಕೈ ಚೆಲ್ಲಿದಳು.

“ನೀವೇ ಫೋನ್ ಮಾಡಿ ಕರೆದ್ರಾ? ಅಂಕಲ್, ನಿಮ್ಮಂಥ ಇಬ್ಬರು ಕಕ್ಷಿದಾರರು ಸಿಕ್ಕಿದ್ರೆ ನಾನು ಕೋರ್ಟು ಬಿಟ್ಟು ಸೀರೆ ವ್ಯಾಪಾರ ಮಾಡಬೇಕು!”

“ಸೀರಿ ಛಲೋ ಹೋಗ್ತಾವ. ಮಾಡು.”

“ತಮಾಷೆ ಬೇಡ. ಈಗಲೂ ಹೋರಾಡಬಹುದು. ಒಂದು ವರ್ಷ ಸಾಕಿದೀರಿ, ಶಾಲೆ ಇಲ್ಲಿದೆ, ಅವಳಿಗೆ ನಿಮ್ಮ ಅಭ್ಯಾಸ ಆಗಿದೆ. ಕಮ್ಮಿ ಏನಿಲ್ಲ.”

“ಅವಗ ಹೆಂಡತಿ ನೆನಪಿಲ್ಲ ಅಂತ ಬರದೀವಲ್ಲ ವಸೂ, ಅದು ಖರೇ ಅಲ್ಲ. ಅದನ್ನ ತಗಿ.” ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ನನಗ ಎಪ್ಪತ್ತು ದಾಟ್ಯಾವ. ಇವತ್ತು ಗೆದ್ದನಿ ಅಂತ ಇಟ್ಟುಕೋ. ನಾ ಹೋದ ದಿನ ಅಕಿ ಮತ್ತ ಯಾರ ದಾರಿ ಕಾಯಬೇಕು?”

ವಸುಂಧರಾ ಪೆನ್ನಿನ ಮುಚ್ಚಳ ತೆಗೆದು ಒಂದು ಹಾಳೆ ಎಳೆದುಕೊಂಡಳು. ಆಮೇಲೆ ವಕೀಲಳಾಗಿ ಮಾತಾಡಿದಳು. ಬಾಯಿಮಾತಿನ ಒಪ್ಪಂದ ಬೇಡ. ಎರಡೂ ಕಡೆಯವರು ಒಪ್ಪಿ ಬರೆದುಕೊಟ್ಟರೆ ಅದನ್ನೇ ಕೋರ್ಟು ಆದೇಶ ಮಾಡುತ್ತದೆ. ಮುಂದೆ ಯಾರ ಮನಸ್ಸು ತಿರುಗಿದರೂ ಅದು ನಿಲ್ಲುತ್ತದೆ. ಶಾಲೆಯ ವರ್ಷ ಮುಗಿಯುವವರೆಗೆ ಮಗು ಇಲ್ಲಿರಲಿ, ನಡುವೆ ಕೀಳುವುದು ಬೇಡ. ಅಜ್ಜನನ್ನು ನೋಡುವುದು ಮಗುವಿನ ಹಕ್ಕು ಎಂದು ಬರೆಸೋಣ, ತಂದೆಯ ದಯೆ ಎಂದಲ್ಲ.

ಹನ್ನೆರಡರ ದಿನ ನವೀನನ ಕಡೆಯವರೂ ರಾಜಿಗೆ ಒಪ್ಪಿದರು. ಜಡ್ಜ್ ಇಂಚರಾಳನ್ನು ಒಳಗೆ ಕರೆದು ಮಾತಾಡಿಸಿದರು. ಹೊರಗೆ ಬಂದಾಗ ಅವಳ ಕೆನ್ನೆಯೊಳಗೆ ಚಾಕೊಲೇಟ್ ಇತ್ತು. ಏನು ಕೇಳಿದರು ಎಂದು ಯಾರೂ ಕೇಳಲಿಲ್ಲ. ಆದೇಶದಲ್ಲಿ ಹೀಗೆ ಬರೆದರು: ವರ್ಷದ ಪರೀಕ್ಷೆ ಮುಗಿದ ಮೇಲೆ ಮಗು ತಂದೆಯ ಬಳಿ ಇರತಕ್ಕದ್ದು. ಪ್ರತಿ ಭಾನುವಾರ ಅಜ್ಜನೊಡನೆ ಫೋನಿನಲ್ಲಿ ಮಾತು. ತಾಯಿಯ ತಿಥಿಗೆ ಪ್ರತಿ ವರ್ಷ ತಂದೆ ಮಗಳು ಇಬ್ಬರೂ ಅಜ್ಜನ ಮನೆಗೆ ಬರತಕ್ಕದ್ದು. ಬೇಸಿಗೆ ರಜೆಯಲ್ಲಿ ಅನುಕೂಲವಿದ್ದಂತೆ. ‘ಅನುಕೂಲವಿದ್ದಂತೆ’ ಎಂಬ ಮಾತನ್ನು ಬದಲಿಸಬೇಕೆಂದು ವಸುಂಧರಾ ವಾದಿಸಿದಳು, ಆಗಲಿಲ್ಲ. ಸರ್ಕಾರಿ ಕಾಗದದಲ್ಲಿ ಆ ಮಾತಿನ ಅರ್ಥವೇನೆಂಬುದು ರೈಲ್ವೆಯಲ್ಲಿ ದುಡಿದ ಬದರಿನಾಥರಿಗೆ ಗೊತ್ತಿತ್ತು.

ಯುಗಾದಿ ಕಳೆದು ಪರೀಕ್ಷೆಗಳು ಮುಗಿದವು. ಹೌರಾದಲ್ಲಿ ಮೇಲ್ ಹೊರಡುವಾಗ ಇಂಚರಾ ಕಿಟಕಿಯ ಸರಳಿಗೆ ಮೂಗು ಒತ್ತಿ, “ಅಜ್ಜಾ, ನನ್ನ ಸ್ಕೆಚ್ ಪೆನ್ ಫ್ರಿಜ್ ಮೇಲಿದೆ, ಯಾರಿಗೂ ಕೊಡಬೇಡ!” ಎಂದು ಕೂಗಿದಳು. ರೈಲು ಹೋಯಿತು. ಸೇವೆಯಲ್ಲಿದ್ದಾಗ ಎಷ್ಟೋ ರೈಲುಗಳು ಹೊರಟದ್ದನ್ನು ಅವರು ನೋಡಿದ್ದರು. ಪ್ಲಾಟ್‌ಫಾರ್ಮ್ ಖಾಲಿಯಾಗುವವರೆಗೆ ನಿಂತದ್ದು ಇದೇ ಮೊದಲು.

ಮನೆಯಲ್ಲಿ ನರಹರಿ ಆಚಾರ್ಯರು ಕೊಟ್ಟಿದ್ದ ಹೊಸ ಪಂಚಾಂಗ ಮೊಳೆಗೆ ತೂಗುತ್ತಿತ್ತು. ಈ ವರ್ಷ ಅಧಿಕ ಜ್ಯೇಷ್ಠ. ಅಧಿಕ ಮಾಸದಲ್ಲಿ ಮಗಳು ಅಳಿಯನನ್ನು ಕರೆದು, ಲಕ್ಷ್ಮೀನಾರಾಯಣರೆಂದು ಕೂಡಿಸಿ, ಅಪೂಪವೆಂಬ ಸಿಹಿ ಕಜ್ಜಾಯದ ದಾನ ಕೊಡುವುದು ಅವರ ಕಡೆಯ ಪದ್ಧತಿ. ಹಿಂದಿನ ಅಧಿಕದಲ್ಲಿ ತುಳಸಿ ದಾನ ಹಿಡಿದ ಕೈಯಿಂದಲೇ ಒಂದು ಅಪೂಪ ಮುರಿದು ಬಾಯಿಗೆ ಹಾಕಿಕೊಂಡಿದ್ದಳು, ಆಚಾರ್ಯರು ಗದರಿದ್ದರು. ಈಗ ಕೂಡಿಸಲು ಜೋಡಿ ಇಲ್ಲ. ಆದರೂ ಭಾನುವಾರ ಫೋನಿನಲ್ಲಿ, ಅಧಿಕಕ್ಕೆ ಬರುತ್ತೀರಾ ಎಂದು ನವೀನನನ್ನು ಕೇಳಿದರು.

“ಬೇಸಿಗೆಗೆ ಮೈಸೂರಿಗೆ ಟಿಕೆಟ್ ಮಾಡಿಸಿಬಿಟ್ಟಿದೀನಿ ಮಾವ. ಶೋಭಕ್ಕನ ಸ್ವಂತ ಮನೆ ಅಲ್ಲಿದೆ. ತಿಥಿಗೆ ಖಂಡಿತ ಬರ್ತೀವಿ. ಈ ಸಲ ಯಾವತ್ತು?”

“ಈ ಸಲ ತಡಾ ಆಗ್ತದ. ಅಧಿಕ ಬಂದದಲ್ಲ. ನವೆಂಬರ್ ಕಡೀಕ. ನಾ ಹೇಳ್ತೀನಿ.”

ಇಂಚರಾ ಫೋನು ಕಸಿದುಕೊಂಡಳು. “ಅಧಿಕ ಅಂದ್ರೆ ಏನಜ್ಜಾ?”

“ಈ ವರ್ಷಕ್ಕ ಒಂದು ತಿಂಗಳು ಹೆಚ್ಚಿಗಿ ಅವ್ವಾ. ಹದಿಮೂರು ತಿಂಗಳು.”

“ಅಯ್ಯೋ, ಒಂದು ಎಕ್ಸ್ಟ್ರಾ ತಿಂಗಳು ನೀನು ಒಬ್ಬನೇ ಏನು ಮಾಡ್ತೀಯ?”

ಬದರಿನಾಥರು ಫ್ರಿಜ್ ಮೇಲಿದ್ದ ಸ್ಕೆಚ್ ಪೆನ್ನಿನ ಡಬ್ಬಿಯ ಕಡೆ ನೋಡಿದರು. ದಿನವೂ ಧೂಳು ಒರೆಸಿ ಅಲ್ಲಿಯೇ ಇಡುತ್ತಿದ್ದರು.

“ಗೇಟಿನ ಕಡೆ ನಿಂತಿರ್ತೀನವ್ವಾ,” ಎಂದರು. “ನೀವು ಬರೂತನಕಾ.”